ಅದ್ಭುತಕಥೆಯೂ ಶೋಧನೆಯ ಅಳತೆಯೂ

ಅದ್ಭುತಕಥೆಯನ್ನು ಬರೆಯಹೊರಟ ತರುಣನಿಗೆ ಉಪದೇಶ ಮಾಡತಕ್ಕವರು ಎರಡು ಬಗೆಯವರಿರುವರು. ‘ಎಲ್ಲವೂ ಕಲ್ಪನೆಯೇ ಆಗಿರಲು ಶೋಧನೆಯ ತೊಡಕೇತಕ್ಕೆ? ಮನಸ್ಸಿಗೆ ತೋರಿದಂತೆ ಬರೆದರಾಯಿತು’ ಎಂಬವರು ಒಂದು ಬಗೆ. ‘ರಾಜ್ಯವೊಂದನ್ನು ಕಲ್ಪಿಸುವ ಮೊದಲು ಅದರ ಐನೂರು ವರುಷಗಳ ಚರಿತ್ರೆ, ಅರಸರ ವಂಶಾವಳಿ, ನಾಣ್ಯ, ತೂಕ, ಅಳತೆ, ಭಾಷೆಯ ವ್ಯಾಕರಣ ಇವೆಲ್ಲವನ್ನೂ ಸಿದ್ಧಪಡಿಸಿಕೊಳ್ಳತಕ್ಕದ್ದು, ಲೇಖನಿಯನ್ನು ಹಿಡಿಯುವದು ಆಮೇಲಿನ ಮಾತು’ ಎಂಬವರು ಇನ್ನೊಂದು ಬಗೆ. ಮೊದಲಿನವರನ್ನು ನಂಬಿದವನ ಕಥೆಯು ಓದಿದ ಮರುದಿನವೇ ಮರೆತುಹೋಗುವದು. ಎರಡನೆಯವರನ್ನು ನಂಬಿದವನ ಕಥೆಯು ಬರೆಯಲ್ಪಡುವದೇ ಇಲ್ಲ. ಇಷ್ಟು ವಿರೋಧವಿದ್ದರೂ ಒಂದು ವಿಷಯದಲ್ಲಿ ಇವರಿಬ್ಬರೂ ಒಮ್ಮತದವರು. ಕಥೆಗಾರನು ತಾನು ನಿಂತ ನೆಲವನ್ನು ಬಾಗಿ ನೋಡಬೇಕೆಂಬ ಮಾತು ಇಬ್ಬರ ಬಾಯಿಂದಲೂ ಹೊರಡುವದಿಲ್ಲ.

ಇದರ ಪರಿಣಾಮವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಜಮಖಂಡಿಯ ಎರಿಹೊಲದ ಬದುವಿನಲ್ಲಿ ಆಡಿ ಬೆಳೆದವನಾಗಲಿ, ಬನಹಟ್ಟಿಯ ಮಗ್ಗದ ಸಪ್ಪಳವನ್ನು ಕೇಳುತ್ತ ತೊಟ್ಟಿಲಲ್ಲಿ ಮಲಗಿದವನಾಗಲಿ, ಅದ್ಭುತಕಥೆಗೆ ಕೈಯಿಟ್ಟೊಡನೆ ಹಿಮ ಬೀಳುವ ಬೆಟ್ಟ, ದೇವದಾರುವಿನ ಕಾಡು, ದಾರಿಕಾರರ ಮದ್ಯದಂಗಡಿ, ಬೆಂಕಿಯುಗುಳುವ ರೆಕ್ಕೆಯ ಸರ್ಪ ಇವುಗಳನ್ನೇ ಬರೆಯತೊಡಗುವನು. ಆ ಹಿಮವು ಓದುವವನ ಬೆರಳಿಗೆ ತಣ್ಣಗೆ ತಾಗುವದಿಲ್ಲ. ಏಕೆಂದರೆ ಅದನ್ನು ಮೊದಲು ಬರೆದ ಪರದೇಶದ ಗ್ರಂಥಕರ್ತನು ಹಿಮದಲ್ಲಿ ನಡೆದಿದ್ದನು. ಇವನಾದರೋ ಅವನ ಪುಸ್ತಕದಲ್ಲಿ ಮಾತ್ರ ನಡೆದವನು. ಕಲ್ಪನೆಗೆ ಶೋಧನೆ ಬೇಡವೆಂದು ಎದೆತಟ್ಟಿ ಹೇಳುವವನು ಕಡೆಗೆ ಕಲ್ಪಿಸುವದೇ ಇಲ್ಲ, ನಕಲು ತೆಗೆಯುವನು. ಇದಕ್ಕೆ ಸ್ವಾತಂತ್ರ್ಯವೆಂಬ ಹೆಸರು ಬಂದಿರುವದು ಸೋಜಿಗವೇ ಸರಿ.

ಅದ್ಭುತವೆಂಬದು ರಸಗಳಲ್ಲೊಂದು, ಅದರ ಸ್ಥಾಯಿಭಾವವು ವಿಸ್ಮಯ. ವಿಸ್ಮಯವು ಹುಟ್ಟುವದು ಹೇಗೆ? ಲೋಕದಲ್ಲಿ ಹೀಗೆ ನಡೆಯತಕ್ಕದ್ದೆಂದು ಮನಸ್ಸಿನಲ್ಲಿ ನೆಲೆಗೊಂಡ ಒಂದು ಕ್ರಮವಿರಬೇಕು. ಅದು ತಟ್ಟನೆ ಮುರಿಯಬೇಕು. ಕ್ರಮವೇ ಇಲ್ಲದಲ್ಲಿ ಮುರಿಯುವದೇನು? ಯಾವ ಊರಿನಲ್ಲಿ ಮರಗಳೂ ಮಾತಾಡುವವೋ, ಕಲ್ಲುಗಳೂ ಹಾರುವವೋ, ಸತ್ತವರು ಬೆಳಗಾಗುವಷ್ಟರಲ್ಲಿ ಎದ್ದು ಕೂಡುವರೋ, ಆ ಊರಿನಲ್ಲಿ ಹನ್ನೊಂದನೆಯ ಅದ್ಭುತಕ್ಕೆ ಆಕಳಿಕೆ ಬರುವದು. ಜೋಳದ ರೊಟ್ಟಿಯನ್ನು ಬಡಿಯುವ ಸಪ್ಪಳವು ಸರಿಯಾಗಿ ಕೇಳಿಬರುವ ಮನೆಯಲ್ಲಿ ಹೆಂಚಿನ ಮೇಲಿನ ರೊಟ್ಟಿಯೊಂದು ಬಾಯಿತೆರೆದು ಮಾತಾಡಿದರೆ ಮಾತ್ರ ಕೇಳುವವನು ಬೆಚ್ಚಿಬೀಳುವನು. ಹೀಗಿರಲು, ಅದ್ಭುತಕಥೆಗಾರನಿಗೆ ಸಾಮಾನ್ಯ ಕಾದಂಬರಿಕಾರನಿಗಿಂತ ಲೋಕಜ್ಞಾನವು ಕಡಿಮೆ ಸಾಲುವದೆಂಬದು ತಲೆಕೆಳಗಾದ ವಾದವು. ಅವನಿಗೆ ಬೇಕಾದದ್ದು ಒಂದು ಹಿಡಿ ಹೆಚ್ಚೇ.

ಪ್ರಾಚೀನರು ಈ ವಿಷಯವನ್ನು ವಿಚಾರಿಸದೆ ಬಿಟ್ಟವರಲ್ಲ. ದಂಡಿಯು ಕಾವ್ಯದೋಷಗಳನ್ನು ಎಣಿಸುವಾಗ ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ಇವುಗಳಿಗೆ ವಿರೋಧವಾಗಿ ಬರೆಯುವದನ್ನು ಒಂದು ದೋಷವಾಗಿ ಹೇಳಿರುವನು. ಎಲ್ಲಿಯೋ ಬೆಳೆಯುವ ಮರವನ್ನು ಇನ್ನೆಲ್ಲಿಯೋ ನೆಟ್ಟರೆ ಅದು ದೇಶವಿರೋಧ. ಹಗಲಲ್ಲಿ ಅರಳುವ ಹೂವನ್ನು ಇರುಳಲ್ಲಿ ಅರಳಿಸಿದರೆ ಕಾಲವಿರೋಧ. ಇಷ್ಟಕ್ಕೇ ನಿಂತಿದ್ದರೆ ಶೋಧನೆಯ ಪಕ್ಷದವರು ದಂಡಿಯನ್ನು ತಮ್ಮವನೆಂದು ಹೊತ್ತು ಮೆರೆಸಬಹುದಾಗಿತ್ತು. ಆದರೆ ಆತನು ಅಲ್ಲಿಗೆ ನಿಲ್ಲದೆ, ಕವಿಯ ಕುಶಲತೆಯಿಂದ ಇದೇ ವಿರೋಧವು ಒಮ್ಮೊಮ್ಮೆ ದೋಷದ ಎಣಿಕೆಯನ್ನು ದಾಟಿ ಗುಣಗಳ ಸಾಲಿಗೆ ಸೇರುವದೆಂದೂ ಹೇಳಿಬಿಟ್ಟಿರುವನು. ಕನ್ನಡದ ಕವಿರಾಜಮಾರ್ಗವು ಆಧಾರವಾಗಿಟ್ಟುಕೊಂಡದ್ದು ಈ ದಂಡಿಯನ್ನೇ. ಅದ್ಭುತಕಥೆಯ ಶಾಸ್ತ್ರವೆಲ್ಲ ಆ ಎರಡು ಮಾತುಗಳ ನಡುವೆ ಅಡಗಿರುವದು. ಅರಿಯದೆ ಮಾಡಿದ ವಿರೋಧವು ದೋಷ, ಅರಿತು ಮಾಡಿದ್ದು ಗುಣ. ಹೂವು ಹಗಲಲ್ಲಿಯೇ ಅರಳುವದೆಂದು ಗೊತ್ತಿಲ್ಲದವನು ಅದನ್ನು ಇರುಳಲ್ಲಿ ಅರಳಿಸಿದರೆ ಅದು ಅದ್ಭುತವಾಗಲಾರದು, ಅಜ್ಞಾನವಾಗಿಯೇ ಉಳಿಯುವದು. ಓದುವವನು ಇವೆರಡನ್ನೂ ಮೂಗಿನಿಂದಲೇ ಗುರುತಿಸಬಲ್ಲನು.

ಇದಕ್ಕೆ ನಿದರ್ಶನವು ಮುಧೋಳದಲ್ಲಿಯೇ ಉಂಟು. ೯೪೯ರಲ್ಲಿ ಆ ಊರಿನ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ಗದಾಯುದ್ಧವನ್ನು ಬರೆದನು. ಅದರಲ್ಲಿ ಮರುಳುಗಳು ಮಾತಾಡುವವು. ಜಲಮಂತ್ರದ ಬಲದಿಂದ ಅರಸನೊಬ್ಬನು ಸರೋವರದ ತಳದಲ್ಲಿ ಅಡಗಿ ಕೂಡುವನು. ಇಂದಿನವರು ಇದನ್ನು ಪುರಾಣವೆಂದು ಕರೆದು ಬೇರೆ ಕಪಾಟಿನಲ್ಲಿ ಇಡಬಹುದು, ವಸ್ತುವಂತೂ ಅದ್ಭುತದ್ದೇ. ಈ ಕವಿಯು ಎಷ್ಟು ಶೋಧನೆ ಮಾಡಿದನು? ಓದಿದ್ದಂತೂ ಸಾಕಷ್ಟು. ಪಂಪನ ಭಾರತವು ಅವನ ಕೈಯಲ್ಲಿತ್ತು. ಭಟ್ಟನಾರಾಯಣನ ವೇಣೀಸಂಹಾರದ ಛಾಯೆಯು ಅವನ ಕಾವ್ಯದ ಮೇಲೆ ಬಿದ್ದಿರುವದನ್ನು ವಿದ್ವಾಂಸರು ತೋರಿಸಿಕೊಟ್ಟಿರುವರು. ರಾಷ್ಟ್ರಕೂಟರ ರಾಜ್ಯವು ಮುರಿದು ಚಾಲುಕ್ಯರು ತಲೆಯೆತ್ತಿದ ೯೭೩ರಲ್ಲಿ ಅವನಿಗೆ ಇಪ್ಪತ್ತನಾಲ್ಕರ ಪ್ರಾಯ. ಮುಂದೆ ಆ ಚಾಲುಕ್ಯರ ಆಸ್ಥಾನದಲ್ಲಿಯೇ ಅವನು ಕವಿಚಕ್ರವರ್ತಿಯಾದನು. ಯುದ್ಧವೆಂದರೆ ಗ್ರಂಥದ ಮಾತಲ್ಲವಾಗಿದ್ದ ಕಾಲವದು. ಇಷ್ಟೆಲ್ಲ ಅರಿತವನು ಭಾರತದ ಹದಿನೆಂಟು ಪರ್ವಗಳನ್ನೂ ಓದುಗನ ತಲೆಯ ಮೇಲೆ ಸುರಿಯಲಿಲ್ಲ. ಯುದ್ಧದ ಕಡೆಯ ಗಳಿಗೆಗಳನ್ನು ಹಿಡಿದುಕೊಂಡು, ಉಳಿದದ್ದನ್ನು ಸಿಂಹವು ನಡೆಯುತ್ತ ಹಿಂದಿರುಗಿ ನೋಡುವಂತೆ ನೋಡಿ ಮುಗಿಸಿದನು.

ಆ ಸರೋವರದ ಪ್ರಸಂಗವನ್ನು ಇನ್ನಿಷ್ಟು ನೋಡಬೇಕು. ಮಂತ್ರಬಲದಿಂದ ನೀರೊಳಗೆ ಕೂತ ದುರ್ಯೋಧನನು ಹೇಗೆ ಉಸಿರಾಡಿದನು, ಆ ಮಂತ್ರದ ಅಕ್ಷರಗಳೆಷ್ಟು, ಅದು ಎಷ್ಟು ಹೊತ್ತು ನಡೆಯುವದು ಎಂಬದಾವುದನ್ನೂ ರನ್ನನು ಲೆಕ್ಕಹಾಕಿ ಕೊಡುವದಿಲ್ಲ. ದಡದ ಮೇಲಿನ ಭೀಮನ ಗರ್ಜನೆಯು ಕಿವಿಗೆ ಬಿದ್ದಾಗ ನೀರಿನೊಳಗೇ ಇದ್ದ ಆ ಅರಸನ ಮೈ ಬೆವರಿತೆಂದು ಮಾತ್ರ ಹೇಳುವನು. ಸಿಟ್ಟು ಬಂದವನ ಮೈ ಹೇಗಾಗುವದೆಂಬದು ಕವಿಗೆ ಗೊತ್ತಿತ್ತು. ಗೊತ್ತಿದ್ದ ಆ ಒಂದು ಸಂಗತಿಯನ್ನು ಯಾರಿಗೂ ಗೊತ್ತಿಲ್ಲದ ಸ್ಥಳಕ್ಕೆ ಒಯ್ದು ಇಟ್ಟನು. ಸಾವಿರ ವರುಷಗಳಿಂದ ಕನ್ನಡಿಗರು ಆ ಸರೋವರವನ್ನು ನಂಬಿರುವದು ಮಂತ್ರದ ಬಲದಿಂದಲ್ಲ, ಬೆವರಿನ ಬಲದಿಂದ. ಹಾಗೆಯೇ ಹೆಣಗಳ ನಡುವೆ ತಡವರಿಸುತ್ತ ನಡೆಯುವಾಗ, ಸತ್ತ ತಮ್ಮನ ಮುಂದೆ ಅವನಿಗೆ ನೆನಪಾಗುವದು ಕಳೆದುಹೋದ ರಾಜ್ಯವಲ್ಲ, ಜೊತೆಯಾಗಿ ಕಳೆದ ಬಾಲ್ಯ. ಇಂಥದು ಯಾವ ಗ್ರಂಥಭಂಡಾರದಲ್ಲಿಯೂ ಸಿಕ್ಕುವದಿಲ್ಲ. ಇದೂ ಶೋಧನೆಯಿಂದಲೇ ಬಂದದ್ದು.

‘ರನ್ನನು ಮಹಾಕವಿ, ಅವನ ಮಾತನ್ನು ಸಾಮಾನ್ಯ ಕಥೆಗಾರನಿಗೆ ಹಚ್ಚಬಾರದು’ ಎಂದು ಕೆಲವರು ಜಾರಿಕೊಳ್ಳಬಹುದು. ಇರಲಿ. ಮಹಾಕವಿಯನ್ನು ಬಿಟ್ಟು ಅದೇ ಮುಧೋಳದ ನಾಯಿಯನ್ನು ತೆಗೆದುಕೊಳ್ಳೋಣವಾಗಲಿ. ಈ ನಾಯಿಯ ಕೀರ್ತಿಯು ದೇಶವನ್ನೆಲ್ಲ ತುಂಬಿ, ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆಯೂ ಅದು ಬಂದಿತು. ಒಬ್ಬ ಕಥೆಗಾರನು ಮಾಯಾವಿಯೊಬ್ಬನ ಬೆನ್ನು ಹತ್ತಲು ಮುಧೋಳ ನಾಯಿಯನ್ನು ಬಿಡುವನೆಂದು ತಿಳಿಯಿರಿ. ವಿಚಾರಿಸದೆ ಬರೆದರೆ ಅದು ನೆಲವನ್ನು ಮೂಸುತ್ತ ಮೂಸುತ್ತ ಹೋಗುವದು. ಏಕೆಂದರೆ ಸಿನೇಮಾದಲ್ಲಿ ನಾಯಿಗಳು ಹಾಗೆ ಮಾಡುವವು. ಮುಧೋಳ ನಾಯಿಯಾದರೋ ಕಣ್ಣಿನಿಂದ ಬೇಟೆಯಾಡುವ ಜಾತಿಯದು. ಉದ್ದ ಕಾಲು, ಸಣಕಲು ಹೊಟ್ಟೆ, ಆಳವಾದ ಎದೆ ಇವೆಲ್ಲ ಬಯಲಿನಲ್ಲಿ ಕಂಡ ಮೊಲವನ್ನು ಓಡಿ ಹಿಡಿಯಲಿಕ್ಕೆ ಇರುವವು. ಸಾಕಿದವನೊಡನೆ ಅರ್ಧ ತಾಸು ಕೂತು ಇದನ್ನು ತಿಳಿದುಕೊಂಡ ಕಥೆಗಾರನಿಗೆ ಏನು ಲಾಭವಾಗುವದೆಂದರೆ, ಅವನ ಕಥೆಯೇ ತಿರುಗಿನಿಲ್ಲುವದು. ಮಾಯಾವಿಯು ಅದೃಶ್ಯನಾದನು, ಕಣ್ಣನ್ನೇ ನಂಬಿದ ನಾಯಿ ಬಯಲಿನ ನಡುವೆ ಕಂಗಾಲಾಗಿ ನಿಂತಿತು. ಈಗೇನು ಮಾಡಬೇಕು? ಧೂಳಿನಲ್ಲಿ ಹೆಜ್ಜೆ ಮೂಡುವದನ್ನು ಅದು ಕಾಣಬಹುದೆ? ಒಣಗಿದ ಜೋಳದ ದಂಟು ತಾನಾಗಿ ಅಲುಗಿದ್ದನ್ನು? ಅಜ್ಞಾನಿಯ ಕೈಯಲ್ಲಿ ಎರಡು ಸಾಲಿಗೆ ಮುಗಿಯುತ್ತಿದ್ದ ಪ್ರಸಂಗಕ್ಕೆ ಒಂದು ಅಧ್ಯಾಯದ ಉಸಿರು ಬಂದಿತು. ಶೋಧನೆಯು ಕಲ್ಪನೆಯ ಕೈಕಟ್ಟುವದೆಂದು ಹೇಳುವವರು ಈ ನಾಯಿಯನ್ನು ಒಮ್ಮೆ ನೋಡಿಬರತಕ್ಕದ್ದು.

ಮಗ್ಗದ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯುವದು. ಎಂದಿಗೂ ಮುಗಿಯದ ಮಾಯೆಯ ಸೀರೆಯೊಂದನ್ನು ಏಳು ತಲೆಮಾರಿನ ನೇಕಾರರು ನೇಯುತ್ತಲೇ ಇರುವರೆಂಬ ಕಥೆಯು ಯಾರಿಗಾದರೂ ಹೊಳೆಯಬಹುದು. ರಬಕವಿ-ಬನಹಟ್ಟಿಯವನು ಇದನ್ನು ಬರೆದು, ‘ಸೀರೆಯು ಫಳಫಳನೆ ಹೊಳೆಯುತ್ತಿತ್ತು, ಮಗ್ಗವು ತಾನಾಗಿ ಆಡುತ್ತಿತ್ತು’ ಎಂದು ಮುಗಿಸಿದರೆ ಅವನ ನೆರೆಯವರೇ ನಗುವರು. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗದ ಮುಂದೆ ಒಂದು ಮಧ್ಯಾಹ್ನ ಅವನು ಕೂತಿದ್ದರೆ ಇಷ್ಟು ಕಾಣುತ್ತಿದ್ದನು. ಹಾಸು ಮೊದಲೇ ಅಳೆದು ಸಿದ್ಧವಾಗಿರುವದು. ಲಾಳಿ ಎಷ್ಟು ಓಡಿದರೂ ಹಾಸು ಇದ್ದಷ್ಟೇ ಬಟ್ಟೆ. ಇಳಕಲ್ ಬಗೆಯ ಸೀರೆಯಲ್ಲಂತೂ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುವರು. ಟೋಪತೆನಿ ಎಂಬದು ಇದಕ್ಕೇ. ಅಂದಮೇಲೆ ಮುಗಿಯದ ಸೀರೆಗೆ ಸೆರಗೆಲ್ಲಿಯದು? ಒಡಲು ಮುಗಿದಲ್ಲವೆ ಸೆರಗು ಕೂಡುವದು! ಏಳು ತಲೆಮಾರು ನೇಯ್ದ ಲೋಕೋತ್ತರವಾದ ಸೀರೆ. ಅದನ್ನು ಉಟ್ಟು ತಲೆಯ ಮೇಲೆ ಸೆರಗು ಹೊದೆಯುವ ಭಾಗ್ಯವು ಆ ಮನೆಯ ಒಬ್ಬ ಹೆಣ್ಣುಮಗಳಿಗೂ ಇಲ್ಲ. ಕಥೆಯ ಕರುಳು ಇಲ್ಲಿರುವದು; ಇದನ್ನು ಕೊಟ್ಟದ್ದು ನೇಕಾರನ ಕಸುಬು, ಕಥೆಗಾರನ ಕನಸಲ್ಲ. ಮಗ್ಗವನ್ನು ನೋಡದವನಿಗೆ ಈ ಸಂಕಟವು ಹೊಳೆಯುವ ಸಂಭವವೇ ಇದ್ದಿಲ್ಲ.

ಇಷ್ಟನ್ನು ಓದಿ ಎರಡನೆಯ ಬಗೆಯ ಉಪದೇಶಕರು ಹಿಗ್ಗಬಹುದು. ಅವರು ಹಿಗ್ಗಲಿಕ್ಕೆ ಕಾರಣವಿಲ್ಲ. ಮೇಲೆ ಹೇಳಿದ ಶೋಧನೆಗೆ ಹಿಡಿದದ್ದು ಅರ್ಧ ತಾಸು ಮತ್ತು ಒಂದು ಮಧ್ಯಾಹ್ನ. ಅವರು ಕೇಳುವದಾದರೋ ಆಯುಷ್ಯವನ್ನು. ಜಮಖಂಡಿಯು ೧೯೪೮ರವರೆಗೆ ಪಟವರ್ಧನರ ಸಂಸ್ಥಾನವಾಗಿತ್ತು. ಅರಮನೆಯ ವ್ಯವಹಾರಕ್ಕೆ ಮರಾಠಿ, ಅದರ ಬರವಣಿಗೆಗೆ ಮೋಡಿ ಲಿಪಿ. ಅರಸನೊಬ್ಬನು ಇರುಳಾದೊಡನೆ ಗಿಳಿಯಾಗಿ ಹಾರಿಹೋಗುವ ಸಂಸ್ಥಾನದ ಕಥೆಯನ್ನು ಬರೆಯಬಯಸಿದವನು ಮೋಡಿಯನ್ನು ಕಲಿತು, ದಫ್ತರದ ಗಂಟುಗಳನ್ನು ಬಿಚ್ಚಿ, ಯಾವ ವರುಷ ಯಾವ ಹಳ್ಳಿಯ ಸಾರೆಯೆಷ್ಟೆಂದು ಬರೆದುಕೊಳ್ಳುತ್ತ ಆರು ವರುಷ ಕಳೆದರೆ, ಆರನೆಯ ವರುಷದ ಕಡೆಗೆ ಅವನಲ್ಲಿ ಒಳ್ಳೆಯ ಇತಿಹಾಸಕಾರನೊಬ್ಬನು ಹುಟ್ಟಿರುವನು, ಗಿಳಿಯು ಸತ್ತಿರುವದು. ಇತಿಹಾಸವನ್ನು ಬರೆಯುವವನಿಗೆ ಈ ಶ್ರಮವು ಧರ್ಮ. ಕಥೆಗಾರನಿಗೆ ಅದು ಬರೆಯದೆ ಇರಲಿಕ್ಕೆ ಸಿಕ್ಕ ಗೌರವದ ನೆವ. ಗಿಳಿಯ ಕಥೆಗೆ ಬೇಕಾದದ್ದು ಬೇರೆ. ಕನ್ನಡ ಮಾತಾಡುವ ಒಕ್ಕಲಿಗನು ಮರಾಠಿ ಮಾತಾಡುವ ಕಚೇರಿಯ ಮೆಟ್ಟಿಲ ಮೇಲೆ ರುಮಾಲನ್ನು ಸರಿಪಡಿಸಿಕೊಳ್ಳುತ್ತ ಹೇಗೆ ಕಾಯುತ್ತಿದ್ದನು ಎಂಬದನ್ನು ಮನೆಯ ಹಿರಿಯರು ಕೇಳಿದವರ ಬಾಯಿಂದ ಕೇಳಿದ್ದರೂ ಸಾಕು.

ಪರದೇಶದ ದೊಡ್ಡವರ ಉದಾಹರಣೆಯನ್ನು ಮುಂದೊಡ್ಡುವದು ಈ ಪಕ್ಷದವರ ರೂಢಿ. ಅದರಲ್ಲಿಯೂ ಟೋಲ್ಕಿನ್ ಎಂಬ ಆಂಗ್ಲ ಪಂಡಿತನ ಹೆಸರು ಮಂತ್ರದಂತೆ ಬರುವದು. ತನ್ನ ಕಥೆಯಲ್ಲಿ ಚಂದ್ರನು ಒಂದು ಕಡೆ ಹುಟ್ಟುತ್ತಿರುವಾಗಲೇ ಇನ್ನೊಂದು ಕಡೆ ಮುಳುಗುತ್ತಿರುವನೆಂಬ ತಪ್ಪನ್ನು ಕಂಡುಹಿಡಿದು, ಅದನ್ನು ತಿದ್ದುವದರಲ್ಲಿ ಒಂದು ಅಪರಾಹ್ನವು ಕಳೆಯಿತೆಂದು ಆತನು ೧೯೪೪ರಲ್ಲಿ ಮಗನಿಗೆ ಪತ್ರ ಬರೆದದ್ದುಂಟು. ಇದು ಮೆಚ್ಚತಕ್ಕ ಮಾತು. ಕಾಡಿನಲ್ಲಿ ನಡೆಯುವವರಿಗೆ ಬೆಳುದಿಂಗಳಿದೆಯೋ ಇಲ್ಲವೋ ಎಂಬದು ಪ್ರಾಣದ ಪ್ರಶ್ನೆ. ಆದರೆ ಅದೇ ಟೋಲ್ಕಿನ್ನನು ತನ್ನ ಕಲ್ಪಿತಲೋಕದ ಆದಿಪುರಾಣವನ್ನು ಯೌವನದಲ್ಲಿ ಪ್ರಾರಂಭಿಸಿ, ತಿದ್ದುತ್ತ ತಿದ್ದುತ್ತ ಮುಗಿಸಲಾರದೆ ೧೯೭೩ರಲ್ಲಿ ತೀರಿಕೊಂಡನು. ಸಿಲ್ಮರಿಲಿಯನ್ ಎಂಬ ಆ ಗ್ರಂಥವನ್ನು ಅಣಿಗೊಳಿಸಿ ೧೯೭೭ರಲ್ಲಿ ಹೊರತಂದವನು ಮಗನು. ಮೊದಲನೆಯ ಸಂಗತಿಯನ್ನು ಹೇಳಿ ಎರಡನೆಯದನ್ನು ಮುಚ್ಚಿಡುವದು ಪ್ರಾಮಾಣಿಕವಾದ ಉಪದೇಶವಲ್ಲ. ಫ್ರಾನ್ಸಿನ ಜೂಲ್ಸ್ ವರ್ನನ ಮಾತೂ ಇಂಥದೇ. ೧೮೬೫ರಲ್ಲಿ ಲೆಕ್ಕಾಚಾರ ಮಾಡಿ ಮನುಷ್ಯರನ್ನು ಫಿರಂಗಿಯ ಗುಂಡಿನೊಳಗೆ ಚಂದ್ರನೆಡೆಗೆ ಹಾರಿಸಿದ ಅವನು, ಭಾರವಿಲ್ಲದಂತೆ ಮಾಡುವ ಲೋಹವನ್ನು ಕಲ್ಪಿಸಿಕೊಂಡ ವೆಲ್ಸನನ್ನು ಕುರಿತು ‘ಆ ಲೋಹವನ್ನು ತಂದು ತೋರಿಸಲಿ’ ಎಂಬ ಅರ್ಥದಲ್ಲಿ ಹಂಗಿಸಿದನು. ವರ್ನನ ಗುಂಡಿನಲ್ಲಿ ಕೂತವರಾದರೋ ಹಾರಿದ ಕ್ಷಣವೇ ಅದರ ವೇಗದ ಹೊಡೆತಕ್ಕೆ ಜಜ್ಜಿಹೋಗತಕ್ಕವರು! ಲೆಕ್ಕವು ಕಥೆಯನ್ನು ಕಾಪಾಡಲಿಲ್ಲ. ಲೆಕ್ಕವಿಲ್ಲದ್ದರಿಂದ ವೆಲ್ಸನ ಕಥೆಯು ಕೆಡಲೂ ಇಲ್ಲ.

ಹಾಗಾದರೆ ಅಳತೆ ಯಾವದು? ಮಮ್ಮಟನು ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಕಾರಣವಾಗಿ ಹೇಳಿ, ನಿಪುಣತೆಯು ಲೋಕ, ಶಾಸ್ತ್ರ, ಕಾವ್ಯ ಇವುಗಳನ್ನು ನೋಡುವದರಿಂದ ಬರುವದೆಂದನು. ಲೋಕವು ಮೊದಲು ಬಂದಿರುವದನ್ನು ಗಮನಿಸತಕ್ಕದ್ದು. ಕಥೆಯ ಪಾತ್ರವು ತನ್ನ ಕೈಯಿಂದ ಏನು ಮಾಡುವದೋ, ಏನು ಉಣ್ಣುವದೋ, ಯಾವ ಮಳೆಗೆ ಕಾಯುವದೋ, ಯಾವದಕ್ಕೆ ಅಂಜುವದೋ ಅಷ್ಟನ್ನು ಅದನ್ನೇ ಮಾಡುವ ಮನುಷ್ಯರ ಬಳಿಗೆ ಹೋಗಿ ತಿಳಿಯಬೇಕು. ಪಾತ್ರಕ್ಕೆ ಗೊತ್ತಿರಲಾರದ್ದನ್ನು ಕಥೆಗಾರನೂ ಬಿಡಬೇಕು. ಒಕ್ಕಲಿಗನಿಗೆ ತನ್ನ ಅರಸನ ಏಳನೆಯ ಅಜ್ಜನ ಹೆಸರು ಗೊತ್ತಿರುವದಿಲ್ಲ. ಆದರೆ ಹಿಂಗಾರಿಯ ಜೋಳವನ್ನು ಯಾವ ಮಳೆಗೆ ಬಿತ್ತಬೇಕು, ಎರಿಗೂ ಮಸಾರಿಗೂ ಮಡ್ಡಿಗೂ ಅದರಲ್ಲಿ ಏನು ಭೇದ ಎಂಬದು ಗೊತ್ತಿರುವದು. ಹೊಲದ ಕಥೆಯನ್ನು ಬರೆಯುವವನು ಇದನ್ನು ತಪ್ಪಿದರೆ, ಆ ಹೊಲದಲ್ಲಿ ಬಂಗಾರದ ತೆನೆ ಹುಟ್ಟಿದರೂ ಯಾರೂ ತಿರುಗಿ ನೋಡುವದಿಲ್ಲ.

ಜೋಕುಮಾರನ ವಿಷಯವೂ ಹೀಗೆಯೇ. ಭಾದ್ರಪದದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಈ ಸೀಮೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಕೂಡಿಸಿಕೊಂಡು ಹಾಡುತ್ತ ಮನೆಮನೆಗೆ ಬರುವರು. ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಊರಿಗೆಲ್ಲ ಮಳೆಬೆಳೆಯ ಆಸೆ ಹುಟ್ಟಿಸಿ, ವಾರ ತುಂಬುವದರೊಳಗೆ ಸಾಯುವ ದೇವರವನು. ಇವನನ್ನು ಕೇಳಿದಷ್ಟಕ್ಕೇ ಕಥೆಗೆ ತಂದುಕೊಂಡು ಚಿರಂಜೀವಿಯಾದ ಖಡ್ಗಧಾರಿ ರಾಜಕುಮಾರನನ್ನಾಗಿ ಮಾಡಿದರೆ ಹೆಸರು ಮಾತ್ರ ಉಳಿಯುವದು; ಅವನ ಅದ್ಭುತವೆಲ್ಲ ಇರುವದು ಆ ಅಲ್ಪಾಯುಷ್ಯದಲ್ಲಿ. ಮುಧೋಳಕ್ಕಿಂತ ಮೇಲಕ್ಕೆ ಅದೇ ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ೧೯೭೨ರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ಆಚರಣೆಯನ್ನೇ ಹಿಡಿದರು. ಗೌಡನಿಗೆಂದು ಗೌಡತಿಯು ಮಾಡಿದ ಅಡಿಗೆಯು ಬಸಣ್ಣನ ಪಾಲಾಗುವದರಿಂದ ಅಲ್ಲಿ ಕಥೆಯು ತಿರುಗುವದು. ನೆಲದ ಒಡೆತನದ ಜಗಳವೂ ಫಲದ ಪೂಜೆಯೂ ಒಂದೇ ಅಗುಳಿನಲ್ಲಿ ಕೂಡುವವು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಪ್ರಬಂಧವನ್ನೇ ಬರೆದ ವಿದ್ವಾಂಸರು ಅವರು. ಆ ವಿದ್ವತ್ತಿನ ಒಂದು ಅಡಿಟಿಪ್ಪಣಿಯಾದರೂ ರಂಗದ ಮೇಲೆ ಬಂದು ನಿಲ್ಲಲಿಲ್ಲ. ಅವರ ಕೃತಿಗಳ ಶಿವಾಪುರವು ಯಾವ ನಕಾಶೆಯಲ್ಲಿಯೂ ಇಲ್ಲ. ಆದರೂ ಈ ಭಾಗದವರಿಗೆ ಅದರ ಓಣಿಗಳು ಗೊತ್ತು.

ಈ ವಾದವನ್ನು ಈಗಲೇ ಹೂಡಬೇಕಾದ ಅವಸರಕ್ಕೆ ಒಂದು ಕಾರಣವುಂಟು. ಲಾಲಬಹಾದ್ದೂರ ಶಾಸ್ತ್ರಿಗಳು ೧೯೬೪ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಬೀಳಗಿ ಸೀಮೆಯ ಎಷ್ಟೋ ಊರುಗಳನ್ನು ಎಬ್ಬಿಸಿ ಪುನರ್ವಸತಿಯ ಬಯಲಿಗೆ ಕಳಿಸಿತು. ೫೧೯.೬ ಮೀಟರಿಗೆ ನಿಂತ ನೀರನ್ನು ೫೨೪.೨೫೬ ಮೀಟರಿನವರೆಗೆ ನಿಲ್ಲಿಸಲು ಕೃಷ್ಣಾ ನ್ಯಾಯಾಧಿಕರಣವು ೨೦೧೦ರಲ್ಲಿ ಒಪ್ಪಿಗೆ ಕೊಟ್ಟಿರುವದು. ಹೊಲಕ್ಕೆ ಪರಿಹಾರದ ಲೆಕ್ಕವುಂಟು, ಮನೆಗೆ ಉಂಟು. ಹೊಲದ ಹೆಸರಿಗೆ, ದಂಡೆಯ ದೆವ್ವಕ್ಕೆ, ಬಾವಿಯೊಳಗಿನ ಏಳು ಮಂದಿ ಅಕ್ಕತಂಗಿಯರ ಕಥೆಗೆ ಯಾವ ಕಚೇರಿಯಲ್ಲಿಯೂ ಅರ್ಜಿ ತೆಗೆದುಕೊಳ್ಳುವದಿಲ್ಲ. ರಬಕವಿ-ಬನಹಟ್ಟಿಗಳಲ್ಲಿ ವಿದ್ಯುತ್ತಿನ ಮಗ್ಗಗಳು ಬಂದು ಕೈಮಗ್ಗದ ಕುಣಿಗಳನ್ನು ಮುಚ್ಚಿ ಮೇಲೆ ಫರಸಿ ಹಾಸಿದ ಮನೆಗಳು ಬಹಳ. ಆ ಕುಣಿಯೊಡನೆ ಅದರ ಮಾತುಗಳೂ ಹೂತುಹೋಗುತ್ತಿರುವವು. ದೇವದಾರುವಿನ ಕಾಡನ್ನು ವರ್ಣಿಸಲು ಜಗತ್ತಿನಲ್ಲಿ ಬೇಕಾದಷ್ಟು ಜನರಿರುವರು. ಮುಳುಗಿದ ಊರಿನ ಹನುಮಪ್ಪನ ಗುಡಿಯ ಗಂಟೆಯು ನೀರೊಳಗಿಂದ ಬಾರಿಸಿದ್ದನ್ನು ಬರೆಯಲು, ಆ ಗಂಟೆಯ ನಾದವನ್ನು ದಡದ ಮೇಲೆ ಕೇಳಿದ್ದವರ ಹತ್ತಿರ ಹೋಗಬೇಕು. ಅವರಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸಾಗಿರುವದು. ಪುನರ್ವಸತಿಯ ಊರುಗಳ ಕಟ್ಟೆಯ ಮೇಲೆ ಸಂಜೆಯ ಹೊತ್ತು ಸಿಕ್ಕುವರು. ಕೇಳಿದರೆ ಹೇಳುವರು, ಕೇಳಲಿಕ್ಕೆ ಬಂದವನು ಮೊದಲು ಎಲೆ ಅಡಿಕೆ ಹಾಕಿಕೊಳ್ಳಬೇಕು, ಅಷ್ಟೇ.